ಗರ್ಭಿಣಿಯರ ಲಸಿಕೆಯೂ ಎಳೆಗೂಸುಗಳ ರಕ್ಷಣೆಯೂ

ಸ್ತ್ರೀವಿದ್ಯಾಭ್ಯಾಸದಿಂದ ಉಂಟಾಗುವ ಪ್ರಯೋಜನಗಳನ್ನು ಎಣಿಸುವವರು ಸಾಮಾನ್ಯವಾಗಿ ಉದ್ಯೋಗ, ಸಂಪಾದನೆ, ಸಮಾಜದಲ್ಲಿ ಗೌರವ ಇವುಗಳನ್ನೇ ಮೊದಲು ಹೇಳುವುದುಂಟು. ಅವೆಲ್ಲವೂ ಸತ್ಯವೇ. ಆದರೂ ವಿದ್ಯಾವತಿಯಾದ ಹೆಣ್ಣುಮಗಳ ತಿಳಿವಳಿಕೆಯು ಅತಿ ಕಠಿಣವಾದ ಪರೀಕ್ಷೆಗೆ ಗುರಿಯಾಗುವುದು ತೊಟ್ಟಿಲ ಬಳಿಯಲ್ಲಿ ಎಂದು ನನ್ನ ಅಭಿಪ್ರಾಯ. ಕೂಸಿಗೆ ಏನು ಕೇಡು ಬರಬಹುದು, ಅದು ಬಾರದ ಹಾಗೆ ಯಾವ ಉಪಾಯವನ್ನು ಮುಂಚಿತವಾಗಿ ಮಾಡಬಹುದು, ಯಾರ ಮಾತನ್ನು ಕೇಳಬೇಕು, ಯಾರ ಮಾತನ್ನು ವಿನಯದಿಂದಲೇ ಬದಿಗಿರಿಸಬೇಕು ಎಂಬ ಪ್ರಶ್ನೆಗಳಿಗೆ ಅಲ್ಲಿ ಕೂಡಲೇ ಉತ್ತರ ಕೊಡಬೇಕಾಗುತ್ತದೆ. ನಮ್ಮ ಶಾಲೆಯಲ್ಲಿ ಓದಿಹೋದವರಲ್ಲಿ ಬಹುಮಂದಿ ಈಗ ತಾಯಂದಿರಾಗಿದ್ದಾರೆ, ಕೆಲವರು ಅಜ್ಜಿಯರೂ ಆಗಿದ್ದಾರೆ. ಆದಕಾರಣ ಈ ಸಂಚಿಕೆಯ ಮೂಲಕ ಅವರ ಮುಂದೆಯೂ, ನಮ್ಮ ಈಗಿನ ವಿದ್ಯಾರ್ಥಿನಿಯರ ತಂದೆತಾಯಂದಿರ ಮುಂದೆಯೂ ಒಂದು ವಿಷಯವನ್ನು ಬಿನ್ನವಿಸುತ್ತೇನೆ.

ಉಸಿರಾಟದ ಮಾರ್ಗವನ್ನು ಹಿಡಿಯುವ ವೈರಸ್ ರೋಗಗಳಿಂದ ತಾಯಿಯನ್ನೂ ಕೂಸನ್ನೂ ಕಾಪಾಡುವುದಕ್ಕೆ ಗರ್ಭಿಣಿಗೆ ಲಸಿಕೆ ಹಾಕುವ ಕ್ರಮವೇ ಆ ವಿಷಯ. ಧನುರ್ವಾತದ ಚುಚ್ಚುಮದ್ದು ಹೇಗೆ ಪ್ರತಿಯೊಬ್ಬ ಬಸುರಿಗೂ ಕೇಳದೆಯೇ, ಹಣವಿಲ್ಲದೆಯೇ ದೊರೆಯುತ್ತದೆಯೋ, ಹಾಗೆಯೇ ಈ ಲಸಿಕೆಗಳೂ ದೊರೆಯಬೇಕು. ದೊರೆತಾಗ ಮನೆಯವರು ಅದಕ್ಕೆ ಅಡ್ಡಿ ಬರಬಾರದು. ಇಷ್ಟೇ ನಾನು ಹೇಳಬೇಕೆಂದಿರುವುದು. ಅದಕ್ಕೆ ಕಾರಣಗಳನ್ನು ಮುಂದೆ ವಿವರಿಸುವೆನು.

ದೊಡ್ಡವರಿಗೆ ಶೀತವಾದರೆ ಮೂಗು ಸೋರಿ, ನಾಲ್ಕು ದಿನ ಕೆಮ್ಮಿ, ಐದನೆಯ ದಿನ ಎದ್ದು ಕೆಲಸಕ್ಕೆ ಹೋಗುವರು. ಎಳೆಗೂಸಿನ ಸಂಗತಿ ಹಾಗಲ್ಲ. ಅದರ ಎದೆಯೊಳಗಿನ ಗಾಳಿಕೊಳವೆಗಳು ಅತಿ ಸಣ್ಣವು. ಒಳಗೋಡೆ ಸ್ವಲ್ಪ ಊದಿಕೊಂಡು ಕಫ ಕಟ್ಟಿತೆಂದರೆ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಕೂಸು ಮೂಗಿನಿಂದಲೇ ಉಸಿರಾಡುತ್ತ ಹಾಲು ಕುಡಿಯಬೇಕಾದುದರಿಂದ, ಮೂಗು ಕಟ್ಟಿದರೆ ಹಾಲೂ ನಿಲ್ಲುತ್ತದೆ. ಹೀಗೆ ಎಳೆಯ ಮಕ್ಕಳನ್ನು ವಿಶೇಷವಾಗಿ ಕಾಡುವ ವೈರಸ್ ಒಂದುಂಟು. ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್ ಎಂಬುದು ಅದರ ಹೆಸರು; ವೈದ್ಯರು ಚಿಕ್ಕದಾಗಿ ಆರ್‌ಎಸ್‌ವಿ ಎನ್ನುವರು. ಎರಡು ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ಇದು ತಗಲುತ್ತದೆ. ಹೆಚ್ಚಿನವರಲ್ಲಿ ನೆಗಡಿಯಾಗಿ ಹೋಗಿಬಿಡುತ್ತದೆ. ಕೆಲವರಲ್ಲಿ ಎದೆಗಿಳಿದು ಪ್ರಾಣಾಪಾಯಕ್ಕೆ ತರುತ್ತದೆ. ೨೦೧೯ನೆಯ ಇಸವಿಯ ಲೆಕ್ಕವನ್ನು ತಜ್ಞರು ಅಂದಾಜು ಮಾಡಿದಾಗ, ಆ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಒಂದು ಲಕ್ಷಕ್ಕೂ ಮಿಕ್ಕಿದ ಮಕ್ಕಳು ಇದರಿಂದ ತೀರಿಕೊಂಡರೆಂದು ಕಂಡುಬಂತು. ಅವರಲ್ಲಿ ೪೫,೦೦೦ಕ್ಕೂ ಹೆಚ್ಚು ಕೂಸುಗಳಿಗೆ ಇನ್ನೂ ಆರು ತಿಂಗಳೇ ತುಂಬಿರಲಿಲ್ಲ. ಸತ್ತ ಮಕ್ಕಳಲ್ಲಿ ನೂರಕ್ಕೆ ೯೭ ಮಂದಿ ಬಡ ಹಾಗೂ ಮಧ್ಯಮ ವರಮಾನದ ದೇಶಗಳಿಗೆ ಸೇರಿದವರು. ನಮ್ಮ ದೇಶವೂ ಆ ಸಾಲಿನಲ್ಲಿಯೇ ಇದೆ.

ಹಾಗಾದರೆ ಕೂಸಿಗೇ ನೇರವಾಗಿ ಲಸಿಕೆ ಹಾಕಬಾರದೇಕೆ ಎಂದು ಕೆಲವರು ಕೇಳಬಹುದು. ಅನೇಕ ರೋಗಗಳಿಗೆ ಹಾಗೆಯೇ ಮಾಡುತ್ತೇವೆ. ಆದರೆ ಇನ್‌ಫ್ಲುಯೆಂಜಾದ ಲಸಿಕೆಯನ್ನು ಆರು ತಿಂಗಳು ತುಂಬುವ ಮೊದಲು ಕೂಸಿಗೆ ಹಾಕುವಂತಿಲ್ಲ. ಆರ್‌ಎಸ್‌ವಿಗೆ ಎಳೆಗೂಸಿಗೆ ಕೊಡುವ ಲಸಿಕೆಯೇ ಇಲ್ಲ. ಹೀಗೆ ಅಪಾಯವು ಅತ್ಯಧಿಕವಾಗಿರುವ ಮೊದಲಿನ ಆರು ತಿಂಗಳುಗಳಲ್ಲಿಯೇ ಕೂಸು ಕಾವಲಿಲ್ಲದೆ ಇರಬೇಕಾಗುತ್ತದೆ. ಈ ಕೊರತೆಯನ್ನು ತುಂಬುವುದಕ್ಕೆ ಪ್ರಕೃತಿಯಲ್ಲಿಯೇ ಒಂದು ದಾರಿಯಿದೆ. ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿದುಹಾಕುವ ಕಣಗಳು, ಮಾಸಿನ ಮೂಲಕ ಗರ್ಭದಲ್ಲಿರುವ ಶಿಶುವಿಗೆ ಹರಿಯುತ್ತವೆ. ಈ ದಾನವು ಕೊನೆಯ ಮೂರು ತಿಂಗಳುಗಳಲ್ಲಿ ವಿಶೇಷವಾಗಿ ನಡೆಯುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳು ಬಹುಬೇಗ ಸೋಂಕಿಗೆ ತುತ್ತಾಗುವುದಕ್ಕೆ ಇದೂ ಒಂದು ಕಾರಣ. ಪೂರ್ತಿ ಪಾಲು ಕೈಸೇರುವ ಮುಂಚೆಯೇ ಅವು ಹೊರಬಂದಿರುತ್ತವೆ. ಗರ್ಭಿಣಿಗೆ ತಕ್ಕ ಕಾಲದಲ್ಲಿ ಲಸಿಕೆ ಹಾಕಿದರೆ ಎರಡು ವಾರಗಳೊಳಗೆ ಅವಳ ಪ್ರತಿಕಾಯಗಳು ಹೆಚ್ಚಿ, ಕೂಸಿನ ಪಾಲೂ ಹೆಚ್ಚುತ್ತದೆ. ಈ ಕಾವಲು ಕೆಲವು ತಿಂಗಳ ಮಟ್ಟಿಗೆ ಮಾತ್ರ ನಿಲ್ಲುವುದೆಂಬುದೂ ನಿಜ. ಆದರೆ ಆ ಕೆಲವು ತಿಂಗಳುಗಳೇ ಕೂಸಿಗೆ ಬೇಕಾಗಿರುವುದು.

ಇದು ಹೊಸ ಮಾತು, ಹೊಸ ಪ್ರಯೋಗ ಎಂದು ಯಾರೂ ಬೆದರಬೇಕಾಗಿಲ್ಲ. ಹೊಕ್ಕುಳಬಳ್ಳಿಯನ್ನು ಶುದ್ಧವಲ್ಲದ ಕತ್ತಿಯಿಂದ ಕೊಯ್ದುದರಿಂದ ಧನುರ್ವಾತ ತಗಲಿ, ಹುಟ್ಟಿದ ವಾರದೊಳಗೆ ಸೆಟೆದು ಸಾಯುತ್ತಿದ್ದ ಕೂಸುಗಳ ಕಥೆಯನ್ನು ನಮ್ಮ ಹಿರಿಯರು ಬಲ್ಲರು. ಬಸುರಿಯರಿಗೆ ಧನುರ್ವಾತದ ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಹೆರಿಗೆ, ಶುಚಿಯಾದ ಉಪಕರಣ ಇವುಗಳಿಂದ ಆ ಪಿಡುಗು ತಗ್ಗಿ, ೨೦೧೫ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾತವನ್ನು ನಿವಾರಿಸಿದ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮನ್ನಣೆ ಪಡೆಯಿತು. ಅಲ್ಲಿ ತೋಳಿಗೆ ಸೂಜಿ ಚುಚ್ಚಿಸಿಕೊಂಡವಳು ತಾಯಿ, ಬದುಕಿದುದು ಕೂಸು. ಇನ್‌ಫ್ಲುಯೆಂಜಾ, ಆರ್‌ಎಸ್‌ವಿ ಲಸಿಕೆಗಳ ತತ್ತ್ವವೂ ಇದೇ.

ಕೂಸಿನ ಮಾತಷ್ಟೇ ಅಲ್ಲ, ತಾಯಿಯ ಜೀವದ ಮಾತೂ ಇದೆ. ಗರ್ಭ ಬೆಳೆದಂತೆಲ್ಲ ಶ್ವಾಸಕೋಶಗಳಿಗೆ ಹಿಗ್ಗುವ ಸ್ಥಳ ಕಡಿಮೆಯಾಗುತ್ತದೆ. ಎರಡು ಜೀವಗಳಿಗೆ ಬೇಕಾದ ಪ್ರಾಣವಾಯುವನ್ನು ಒಬ್ಬಳೇ ಎಳೆದುಕೊಳ್ಳಬೇಕು. ಹೃದಯಕ್ಕೂ ದುಡಿಮೆ ಹೆಚ್ಚು. ಅಂಥ ವೇಳೆಯಲ್ಲಿ ಜ್ವರವು ಎದೆಗಿಳಿದರೆ ತಡೆದುಕೊಳ್ಳುವ ಶಕ್ತಿ ಸಾಲದು. ೧೯೧೮ರ ಇನ್‌ಫ್ಲುಯೆಂಜಾ ಮಹಾಮಾರಿಯು ನಮ್ಮ ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಆಹುತಿ ತೆಗೆದುಕೊಂಡಿತು. ಆ ಕಾಲದಲ್ಲಿ ಅಮೆರಿಕದ ಹ್ಯಾರಿಸ್ ಎಂಬ ವೈದ್ಯರು ರೋಗ ತಗಲಿದ ೧,೩೫೦ ಮಂದಿ ಗರ್ಭಿಣಿಯರ ವೃತ್ತಾಂತಗಳನ್ನು ಸಂಗ್ರಹಿಸಿ, ಅವರಲ್ಲಿ ನೂರಕ್ಕೆ ೨೭ ಮಂದಿ ಮೃತರಾದರೆಂದು ೧೯೧೯ರಲ್ಲಿ ಪ್ರಕಟಿಸಿದರು. ಔಷಧಗಳು ಬಹಳ ಮುಂದುವರಿದ ೨೦೦೯ರಲ್ಲಿ ಎಚ್೧ಎನ್೧ ಜ್ವರ ಹಬ್ಬಿದಾಗಲೂ, ಅಮೆರಿಕದ ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರಷ್ಟಿದ್ದ ಗರ್ಭಿಣಿಯರು ಆ ರೋಗದಿಂದಾದ ಮರಣಗಳಲ್ಲಿ ನೂರಕ್ಕೆ ಐದರಷ್ಟಿದ್ದರು. ಇದನ್ನೆಲ್ಲ ಕಂಡು ವಿಶ್ವ ಆರೋಗ್ಯ ಸಂಸ್ಥೆಯು ೨೦೧೨ರಲ್ಲಿ ಇನ್‌ಫ್ಲುಯೆಂಜಾ ಲಸಿಕೆಯ ವಿಷಯದಲ್ಲಿ ಗರ್ಭಿಣಿಯರಿಗೆ ಎಲ್ಲರಿಗಿಂತ ಮೊದಲ ಸ್ಥಾನ ಕೊಡಬೇಕೆಂದು ಸೂಚಿಸಿತು.

ಈ ಲಸಿಕೆಯ ಫಲವನ್ನು ಒರೆಹಚ್ಚಿ ನೋಡಿದ ಒಂದು ಪ್ರಯೋಗವು ನಮ್ಮ ನೆರೆಯ ಬಾಂಗ್ಲಾದೇಶದಲ್ಲಿಯೇ ನಡೆಯಿತು. ೨೦೦೪–೦೫ರಲ್ಲಿ ಢಾಕಾ ನಗರದ ೩೪೦ ಮಂದಿ ಗರ್ಭಿಣಿಯರಲ್ಲಿ ಕೆಲವರಿಗೆ ಇನ್‌ಫ್ಲುಯೆಂಜಾ ಲಸಿಕೆಯನ್ನೂ, ಉಳಿದವರಿಗೆ ಬೇರೊಂದು ಲಸಿಕೆಯನ್ನೂ ಕೊನೆಯ ಮೂರು ತಿಂಗಳುಗಳಲ್ಲಿ ಹಾಕಿ, ಹುಟ್ಟಿದ ಕೂಸುಗಳನ್ನು ಆರು ತಿಂಗಳವರೆಗೆ ನೋಡಿಕೊಂಡು ಬಂದರು. ಇನ್‌ಫ್ಲುಯೆಂಜಾ ಲಸಿಕೆ ಪಡೆದ ತಾಯಂದಿರ ಕೂಸುಗಳಲ್ಲಿ, ಪರೀಕ್ಷೆಯಿಂದ ಖಚಿತಪಟ್ಟ ಇನ್‌ಫ್ಲುಯೆಂಜಾ ನೂರಕ್ಕೆ ೬೩ರಷ್ಟು ಕಡಿಮೆಯಾಗಿತ್ತು. ಜ್ವರದೊಡನೆ ಬರುವ ಉಸಿರಾಟದ ಕಾಯಿಲೆಗಳು ತಾಯಂದಿರಲ್ಲಿಯೂ ಮೂರರಲ್ಲೊಂದು ಪಾಲಿನಷ್ಟು ತಗ್ಗಿದ್ದವು. ಆ ಯೋಜನೆಗೆ ‘ತಾಯಿಯ ಕೊಡುಗೆ’ ಎಂಬ ಅರ್ಥದ ಹೆಸರನ್ನಿಟ್ಟಿದ್ದರು. ಹೆಸರು ಅನ್ವರ್ಥವಾದುದೇ ಸರಿ. ಢಾಕಾದ ಗಲ್ಲಿಗಳಿಗೂ ನಮ್ಮ ಊರುಗಳ ಕೇರಿಗಳಿಗೂ ಅಂತರ ಬಹಳವಿಲ್ಲವಾದುದರಿಂದ, ಈ ಫಲವು ನಮಗೆ ದೂರದ ಸೀಮೆಯ ಮಾತೆಂದು ತೋರಬೇಕಾಗಿಲ್ಲ.

ಆರ್‌ಎಸ್‌ವಿ ಲಸಿಕೆಯ ಚರಿತ್ರೆಯು ಇಷ್ಟು ಸುಗಮವಾದುದಲ್ಲ. ಅದನ್ನು ಮುಚ್ಚಿಡುವುದು ಸರಿಯೂ ಅಲ್ಲ. ಈ ವೈರಸ್ಸನ್ನು ೧೯೫೬ರಲ್ಲಿ ಮೊದಲು ಚಿಂಪಾಂಜಿಗಳಲ್ಲಿ ಕಂಡು, ಮರುವರ್ಷ ಶಿಶುಗಳಲ್ಲಿ ಗುರುತಿಸಿದರು. ಹತ್ತು ವರ್ಷಗಳೊಳಗೆ, ೧೯೬೬–೬೭ರಲ್ಲಿ, ಅಮೆರಿಕದಲ್ಲಿ ಕೂಸುಗಳಿಗೇ ಹಾಕುವ ಒಂದು ಲಸಿಕೆಯನ್ನು ಪರೀಕ್ಷಿಸಲಾಯಿತು. ಫಲವು ವಿಪರೀತವಾಯಿತು. ಆ ಲಸಿಕೆ ಪಡೆದ ಮೇಲೆ ಸೋಂಕು ತಗಲಿದ ಎಳೆಯ ಮಕ್ಕಳಲ್ಲಿ ನೂರಕ್ಕೆ ೮೦ರಷ್ಟು ಮಂದಿ ಆಸ್ಪತ್ರೆ ಸೇರಬೇಕಾಯಿತು, ಇಬ್ಬರು ತೀರಿಕೊಂಡರು. ಅಂದಿನಿಂದ ದಶಕಗಳವರೆಗೆ ಈ ದಾರಿಯಲ್ಲಿ ಹೆಜ್ಜೆಯಿಡಲು ವಿಜ್ಞಾನಿಗಳು ಅಂಜಿದರು. ಕಡೆಗೆ ೨೦೧೩ರಲ್ಲಿ, ವೈರಸ್ಸು ನಮ್ಮ ಜೀವಕಣಗಳಿಗೆ ಅಂಟಿಕೊಳ್ಳುವ ಮೊದಲು ಅದರ ಮೇಲ್ಮೈಯ ಒಂದು ಪ್ರೋಟೀನು ಯಾವ ಆಕಾರದಲ್ಲಿರುತ್ತದೆ ಎಂಬುದನ್ನು ಕಂಡುಹಿಡಿದರು. ಆ ಆಕಾರವನ್ನೇ ಹಿಡಿದಿಟ್ಟು ತಯಾರಿಸಿದ ಹೊಸ ಲಸಿಕೆಯನ್ನು ಗರ್ಭಿಣಿಯರಿಗೆ ಹಾಕಿ ಪರೀಕ್ಷಿಸಿದಾಗ, ಕೂಸು ಹುಟ್ಟಿದ ಮೊದಲ ಮೂರು ತಿಂಗಳುಗಳಲ್ಲಿ ತೀವ್ರವಾದ ಕಾಯಿಲೆಯು ನೂರಕ್ಕೆ ೮೨ರಷ್ಟು, ಆರು ತಿಂಗಳುಗಳಲ್ಲಿ ನೂರಕ್ಕೆ ೬೯ರಷ್ಟು ಕಡಿಮೆಯಾಯಿತು. ೨೦೨೩ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು; ಇಂಗ್ಲೆಂಡಿನಲ್ಲಿ ೨೦೨೪ರ ಸೆಪ್ಟೆಂಬರಿನಿಂದ ೨೮ ವಾರ ತುಂಬಿದ ಎಲ್ಲ ಗರ್ಭಿಣಿಯರಿಗೂ ಕೊಡತೊಡಗಿದರು; ೨೦೨೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ದೇಶಗಳೂ ಆರ್‌ಎಸ್‌ವಿಯಿಂದ ಕೂಸುಗಳನ್ನು ರಕ್ಷಿಸುವ ಏರ್ಪಾಡು ಮಾಡಬೇಕೆಂದು ಸಲಹೆ ಮಾಡಿತು. ತಾಯಿಗೆ ಲಸಿಕೆ ಹಾಕಲು ಅವಕಾಶವಾಗದಿದ್ದರೆ, ಸಿದ್ಧವಾದ ಪ್ರತಿಕಾಯವನ್ನೇ ಕೂಸಿಗೆ ಒಂದು ಚುಚ್ಚುಮದ್ದಾಗಿ ಕೊಡುವ ನಿರ್ಸೆವಿಮ್ಯಾಬ್ ಎಂಬ ಔಷಧವೂ ಬಂದಿದೆ. ಸ್ಪೇನಿನ ಗಲಿಸಿಯ ಪ್ರಾಂತದಲ್ಲಿ ೨೦೨೩ರಿಂದ ಅದನ್ನು ಎಲ್ಲ ಕೂಸುಗಳಿಗೂ ಕೊಟ್ಟುದರಿಂದ, ಈ ರೋಗಕ್ಕಾಗಿ ಆಸ್ಪತ್ರೆ ಸೇರುವ ಸಂಭವವು ನೂರಕ್ಕೆ ೮೦ಕ್ಕೂ ಹೆಚ್ಚು ಇಳಿಯಿತು.

ದೋಷಗಳ ವಿಚಾರವನ್ನೂ ಹೇಳಿಬಿಡುವೆನು. ಚುಚ್ಚಿದ ತೋಳು ಒಂದೆರಡು ದಿನ ನೋಯುವುದು, ಮೈ ಕಾಯುವುದು, ದಣಿವಾಗುವುದು ಸಾಮಾನ್ಯ. ಒಂದು ಕಂಪೆನಿಯ ಆರ್‌ಎಸ್‌ವಿ ಲಸಿಕೆಯ ಪರೀಕ್ಷೆಯಲ್ಲಿ ತಿಂಗಳು ತುಂಬದ ಹೆರಿಗೆಗಳು ಹೆಚ್ಚಿದಂತೆ ಕಂಡುದರಿಂದ ೨೦೨೨ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಈಗ ಬಳಕೆಯಲ್ಲಿರುವುದು ಬೇರೊಂದು ಲಸಿಕೆ. ಅದರ ಪರೀಕ್ಷೆಯಲ್ಲಿಯೂ ಅಂಥ ಹೆರಿಗೆಗಳ ಸಂಖ್ಯೆಯಲ್ಲಿ ಸ್ವಲ್ಪ ಅಂತರ ತೋರಿತು. ಆ ಅಂತರವು ಲಸಿಕೆಯಿಂದಲೇ ಆದುದೆಂದು ಸಿದ್ಧಪಡಲಿಲ್ಲವಾದರೂ, ಎಚ್ಚರಿಕೆಗಾಗಿ ಅಮೆರಿಕದಲ್ಲಿ ೩೨ರಿಂದ ೩೬ ವಾರಗಳ ನಡುವೆ ಮಾತ್ರ ಹಾಕಬೇಕೆಂದು ಗೊತ್ತುಮಾಡಿದರು. ಕೇಡಿನ ಸುಳಿವು ಕಂಡಲ್ಲಿ ನಿಲ್ಲಿಸುವ, ಸಂಶಯವಿದ್ದಲ್ಲಿ ಮಿತಿ ಹಾಕುವ ಈ ಕ್ರಮವು ನನ್ನ ನಂಬಿಕೆಯನ್ನು ಹೆಚ್ಚಿಸಿದೆಯೇ ಹೊರತು ಕುಂದಿಸಿಲ್ಲ. ಇನ್‌ಫ್ಲುಯೆಂಜಾದ ವಿಷಯದಲ್ಲಿ ಗರ್ಭಿಣಿಯರಿಗೆ ಕೊಡುವುದು ನಿರ್ಜೀವ ವೈರಸ್ಸಿನ ಚುಚ್ಚುಮದ್ದು. ಮೂಗಿಗೆ ಸಿಂಪಡಿಸುವ ಸಜೀವ ಲಸಿಕೆಯನ್ನು ಅವರಿಗೆ ಕೊಡುವುದಿಲ್ಲ. ಯಾರಿಗೆ ಯಾವುದು, ಯಾವ ವಾರದಲ್ಲಿ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

‘ಬಸುರಿಗೆ ಕಂಡಕಂಡ ಸೂಜಿ ಬೇಡ’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಆ ಮಾತಿನ ಹಿಂದೆ ಪ್ರೀತಿಯಿದೆ, ಭಯವಿದೆ, ಅದನ್ನು ಹಳಿಯಲಾಗದು. ಆದರೆ ಪ್ರೀತಿಯಿಂದ ಹೊರಗಿಟ್ಟರೂ ಹೊರಗಿಟ್ಟಂತೆಯೇ ಅಲ್ಲವೆ? ಕೋವಿಡ್ ಕಾಲದಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳೂ ಇದನ್ನೇ ಮಾಡಿದವು. ಲಸಿಕೆಗಳ ಮೊದಲ ಪರೀಕ್ಷೆಗಳಲ್ಲಿ ಗರ್ಭಿಣಿಯರನ್ನು ಸೇರಿಸಿಕೊಳ್ಳಲಿಲ್ಲ. ಪರೀಕ್ಷೆಯ ಆಧಾರವಿಲ್ಲವೆಂಬ ಕಾರಣದಿಂದ ಲಸಿಕೆಯನ್ನೂ ಕೊಡಲಿಲ್ಲ. ನಮ್ಮ ದೇಶದಲ್ಲಿ ೨೦೨೧ರ ಜನವರಿ ೧೬ರಂದು ಲಸಿಕೆ ಹಾಕುವ ಕಾರ್ಯ ಆರಂಭವಾಯಿತು. ಗರ್ಭಿಣಿಯರಿಗೆ ಅನುಮತಿ ದೊರೆತುದು ಜುಲೈ ೨ರಂದು. ನಡುವೆ ಏಪ್ರಿಲ್, ಮೇ ತಿಂಗಳುಗಳ ಆ ಘೋರವಾದ ಎರಡನೆಯ ಅಲೆಯನ್ನು ನಮ್ಮ ಬಸುರಿಯರು ಕಾವಲಿಲ್ಲದೆಯೇ ಎದುರಿಸಬೇಕಾಯಿತು.

ಮನೆಗಳಲ್ಲಿ ಈ ಸಂಗತಿ ಹೇಗೆ ನಡೆಯುವುದೆಂಬುದಕ್ಕೆ ಒಂದು ಉದಾಹರಣೆ. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ, ಅವಳ ಏಳನೆಯ ತಿಂಗಳಲ್ಲಿ, ವೈದ್ಯೆಯು ಇನ್‌ಫ್ಲುಯೆಂಜಾ ಲಸಿಕೆಯನ್ನು ಹಾಕಿಸಿಕೊಳ್ಳಬಹುದೆಂದು ಹೇಳಿದರು. ಅತ್ತೆಯವರು ‘ಸೀಮಂತ ಮುಗಿಯಲಿ, ತವರಿಗೆ ಹೋದ ಮೇಲೆ ನಿಮ್ಮಮ್ಮ ನೋಡಿಕೊಳ್ಳಲಿ’ ಎಂದರು. ತವರಿನಲ್ಲಿ ತಾಯಿಯು ‘ಅವರ ಮನೆಯವರನ್ನು ಕೇಳದೆ ನಾವು ಹೇಗೆ ಹಾಕಿಸೋಣ?’ ಎಂದರು. ಗಂಡನು ‘ಹಿರಿಯರು ಹೇಳಿದಂತೆ ಆಗಲಿ’ ಎಂದನು. ಅಷ್ಟರಲ್ಲಿ ಹೆರಿಗೆಯಾಯಿತು. ಮಳೆಗಾಲದಲ್ಲಿ ಮನೆಯವರೆಲ್ಲರಿಗೂ ಜ್ವರ ಬಂದು, ಐವತ್ತು ದಿನದ ಕೂಸಿಗೂ ತಗಲಿ, ಅದು ಒಂಬತ್ತು ದಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಆಧಾರದಿಂದ ಇರಬೇಕಾಯಿತು. ಕೂಸು ಬದುಕಿತು. ಲಸಿಕೆ ಹಾಕಿಸಿದ್ದರೆ ಹಾಗೆ ಆಗುತ್ತಲೇ ಇರಲಿಲ್ಲವೆಂದು ಖಂಡಿತವಾಗಿ ಹೇಳಲು ಬಾರದು. ಆದರೆ ಆ ಎರಡು ಮನೆಗಳಲ್ಲಿ ಓದು ಬಲ್ಲವರು ನಾಲ್ವರಿದ್ದರೂ ‘ಆಗಲಿ’ ಎಂದು ಹೇಳುವ ಅಧಿಕಾರ ಯಾರಿಗೂ ಇರಲಿಲ್ಲವೆಂಬುದು ನನ್ನನ್ನು ಬಹಳವಾಗಿ ಯೋಚನೆಗೀಡುಮಾಡಿತು. ಯಾರ ಮೈಗೆ ಸೂಜಿ ಚುಚ್ಚಬೇಕೋ, ಯಾರ ಮಡಿಲಲ್ಲಿ ಕೂಸು ಮಲಗಬೇಕೋ, ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಏಳನೆಯ ತಿಂಗಳಿನಿಂದ ಒಂಬತ್ತನೆಯ ತಿಂಗಳವರೆಗಿನ ಕಾಲವೇ ಕೂಸಿಗಾಗಿ ಲಸಿಕೆ ಹಾಕಿಸಲು ಯೋಗ್ಯವಾದ ಕಾಲ. ನಮ್ಮಲ್ಲಿ ಸೀಮಂತ ಮಾಡಿ, ಮಡಿಲು ತುಂಬಿ, ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸುವ ಕಾಲವೂ ಅದೇ. ಒಂದೂರಿನ ವೈದ್ಯರ ಕೈಯಿಂದ ಇನ್ನೊಂದೂರಿನ ವೈದ್ಯರ ಕೈಗೆ ಬಸುರಿಯು ಹೋಗುವ ಆ ಸಂಧಿಯಲ್ಲಿಯೇ ಲಸಿಕೆಯು ತಪ್ಪಿಹೋಗುತ್ತದೆ. ಆದುದರಿಂದ ಮಗಳನ್ನು ಕರೆತರುವಾಗ ಸೀರೆ, ಬಳೆ, ಬುತ್ತಿಗಳ ಜೊತೆಯಲ್ಲಿ ತಾಯಿ ಕಾರ್ಡನ್ನೂ ತರಬೇಕು. ಅದರಲ್ಲಿ ಯಾವ ಲಸಿಕೆ ಆಗಿದೆ, ಯಾವುದು ಆಗಿಲ್ಲ ಎಂಬುದನ್ನು ನೋಡಿ, ಬಂದ ವಾರದಲ್ಲಿಯೇ ವೈದ್ಯರನ್ನು ಕೇಳಬೇಕು. ಇದು ತವರಿನವರ ಕರ್ತವ್ಯ. ಸೊಸೆ ಹೊರಡುವ ಮೊದಲೇ ‘ವೈದ್ಯರು ಹೇಳಿದ್ದನ್ನು ಹಾಕಿಸಿಕೊ, ನಮ್ಮನ್ನು ಕೇಳುತ್ತ ಕೂರಬೇಡ’ ಎಂದು ಬಾಯಿಬಿಟ್ಟು ಹೇಳಿ ಕಳುಹಿಸುವುದು ಅತ್ತೆಮನೆಯವರ ಕರ್ತವ್ಯ.

ಸರ್ಕಾರಕ್ಕೂ ಒಂದು ಮಾತಿದೆ. ನಮ್ಮ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ಧನುರ್ವಾತ ಮತ್ತು ಗಂಟಲಮಾರಿಗಳ ಚುಚ್ಚುಮದ್ದು ಉಚಿತವಾಗಿ ಇದೆ. ಇನ್‌ಫ್ಲುಯೆಂಜಾ, ಆರ್‌ಎಸ್‌ವಿ ಲಸಿಕೆಗಳು ಆ ಪಟ್ಟಿಯಲ್ಲಿಲ್ಲ. ಪ್ರಸೂತಿ ತಜ್ಞರ ಒಕ್ಕೂಟವು ಇನ್‌ಫ್ಲುಯೆಂಜಾ ಲಸಿಕೆಯನ್ನು ಶಿಫಾರಸು ಮಾಡಿದರೂ, ಅದನ್ನು ಹಣ ಕೊಟ್ಟು ಹಾಕಿಸಿಕೊಳ್ಳಬಲ್ಲವರು ಪಟ್ಟಣದ ಕೆಲವರು ಮಾತ್ರ. ಒಂದೇ ಕೋಣೆಯಲ್ಲಿ ಎಂಟು ಮಂದಿ ಮಲಗುವ, ಒಲೆಯ ಹೊಗೆ ತುಂಬಿದ, ಆಸ್ಪತ್ರೆಗೆ ಹೋಗಲು ಮೂವತ್ತು ಮೈಲಿ ದೂರವಿರುವ ಮನೆಯ ಕೂಸಿಗೇ ಈ ರಕ್ಷಣೆ ಹೆಚ್ಚು ಬೇಕಾಗಿದೆ. ಅದಕ್ಕೇ ಅದು ದೊರೆಯುತ್ತಿಲ್ಲ. ಖರ್ಚು ಬಹಳವಾಗುವುದೆಂಬ ಆಕ್ಷೇಪವನ್ನು ನಾನು ಬಲ್ಲೆನು. ಮೊದಲು ಇನ್‌ಫ್ಲುಯೆಂಜಾ ಲಸಿಕೆಯನ್ನಾದರೂ ಮಳೆಗಾಲಕ್ಕೆ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರಿಗೆ ಕೊಡಲಿ. ತಾಯಿ ಕಾರ್ಡಿನಲ್ಲಿ ಅದಕ್ಕೊಂದು ಸಾಲನ್ನು ಸೇರಿಸಲಿ. ಸಾಲು ಖಾಲಿಯಿದ್ದರೆ ಆಶಾ ಕಾರ್ಯಕರ್ತೆಯು ಕೇಳುವಳು, ದಾದಿಯು ಕೇಳುವಳು, ಬಸುರಿಯೂ ಕೇಳಲು ಕಲಿಯುವಳು.

ಲಸಿಕೆಯೊಂದರಿಂದಲೇ ಎಲ್ಲವೂ ಆಗಿಬಿಡುವುದೆಂದು ತಿಳಿಯಬಾರದು. ಎದೆಹಾಲನ್ನು ತಪ್ಪಿಸಬಾರದು. ಬಾಣಂತಿಯ ಕೋಣೆಗೆ ಹೋಗುವವರು ಸೋಪು ಹಾಕಿ ಕೈ ತೊಳೆದುಕೊಳ್ಳಬೇಕು. ನೆಗಡಿಯಾದವರು, ಅವರು ಸೋದರತ್ತೆಯೇ ಆಗಿರಲಿ, ಕೂಸಿನ ಮುಖಕ್ಕೆ ಮುತ್ತಿಡದೆ ದೂರದಿಂದ ನೋಡಿ ಹರಸಬೇಕು. ಬೀಡಿ, ಸಿಗರೇಟುಗಳ ಹೊಗೆಯೂ, ಕೂಸಿಗೆ ಹಾಕುವ ದಟ್ಟವಾದ ಸಾಂಬ್ರಾಣಿ ಹೊಗೆಯೂ ಕೂಸಿನ ಎದೆಗೆ ಹಿತವಲ್ಲ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ ೬೦ ಸಲ ಅಥವಾ ಅದಕ್ಕೂ ಹೆಚ್ಚು, ಎರಡು ತಿಂಗಳಿಂದ ವರ್ಷದೊಳಗಿನದು ೫೦ ಸಲ ಅಥವಾ ಅದಕ್ಕೂ ಹೆಚ್ಚು ಉಸಿರೆಳೆಯುತ್ತಿದ್ದರೆ, ಪಕ್ಕೆ ಒಳಸೆಳೆದುಕೊಳ್ಳುತ್ತಿದ್ದರೆ, ಹಾಲು ಬಿಟ್ಟರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಉಬ್ಬಸ ಬಂದ ಕೂಸಿನ ಹೊಟ್ಟೆಗೆ ಬರೆ ಹಾಕುವ ಕ್ರೂರ ಪದ್ಧತಿಯು ನಮ್ಮ ನಾಡಿನ ಕೆಲವೆಡೆ ಇನ್ನೂ ಉಳಿದಿದೆ. ನಮ್ಮಲ್ಲಿ ಓದಿದವರು ಅದನ್ನು ಕಣ್ಣಾರೆ ಕಂಡಲ್ಲಿ ಸುಮ್ಮನಿರಬಾರದು.

ಮೈಸೂರಿನ ಅರಮನೆಯ ಮೂವರು ಸ್ತ್ರೀಯರನ್ನು ೧೮೦೫ರ ಸುಮಾರಿನಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಬರೆದ ವರ್ಣಚಿತ್ರವೊಂದಿದೆ. ಅವರಲ್ಲಿ ಒಬ್ಬಾಕೆ ಸೆರಗನ್ನು ಸರಿಸಿ ತನ್ನ ತೋಳನ್ನು ತೋರುತ್ತಿದ್ದಾಳೆ. ಸಿಡುಬಿಗೆ ಆಗ ತಾನೇ ಬಂದಿದ್ದ ದಾಕನ್ನು ಹಾಕಿಸಿಕೊಂಡ ಗುರುತನ್ನು ಜನರಿಗೆ ತೋರಿಸಿ ಧೈರ್ಯ ತುಂಬುವುದಕ್ಕಾಗಿಯೇ ಆ ಚಿತ್ರವನ್ನು ಬರೆಸಿರಬೇಕೆಂದು ಇತಿಹಾಸಕಾರರಾದ ನೈಜಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ಹೆಂಗಸರು ಹೆಂಗಸರಿಗೆ ಹೇಳಿದಾಗ ಮಾತು ಬೇಗ ನಾಟುತ್ತದೆ ಎಂಬುದನ್ನು ಅಂದಿನವರೂ ಅರಿತಿದ್ದರೆಂದಾಯಿತು.

ಆದುದರಿಂದ, ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಬಸುರಿಯರಾಗಿರುವವರು ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಈ ಎರಡು ಲಸಿಕೆಗಳ ವಿಷಯವನ್ನು ನೀವಾಗಿಯೇ ಕೇಳಿರಿ. ಹಾಕಿಸಿಕೊಂಡವರು ನೆರೆಹೊರೆಯ ಬಸುರಿಯರಿಗೆ ಸಂಕೋಚವಿಲ್ಲದೆ ಅದನ್ನು ತಿಳಿಸಿರಿ. ದಾದಿಯರೂ ಉಪಾಧ್ಯಾಯಿನಿಯರೂ ಪಂಚಾಯಿತಿಯ ಸದಸ್ಯೆಯರೂ ಆಗಿರುವವರು ನಿಮ್ಮ ನಿಮ್ಮ ಆರೋಗ್ಯ ಕೇಂದ್ರಕ್ಕೆ ಈ ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಡಿರಿ. ಅತ್ತೆಯರೂ ತಾಯಂದಿರೂ ಆಗಿರುವವರು, ಮನೆಯಲ್ಲಿ ಬಸುರಿಯು ವೈದ್ಯರ ಮಾತನ್ನು ಹೇಳುವಾಗ ಮೊದಲು ಪೂರ್ತಿಯಾಗಿ ಕೇಳಿರಿ, ಆಮೇಲೆ ‘ನಿನಗೇನು ತೋರುತ್ತದೆ?’ ಎಂದು ಅವಳನ್ನೇ ಕೇಳಿರಿ. ತಂದೆಯರೇ, ಇಂದು ನೀವು ನಮ್ಮ ಶಾಲೆಗೆ ಕಳುಹಿಸುತ್ತಿರುವ ಹೆಣ್ಣುಮಕ್ಕಳು ಹತ್ತು ಹನ್ನೆರಡು ವರ್ಷಗಳಲ್ಲಿ ಆ ಸ್ಥಿತಿಗೆ ಬರುವರು. ಅಂದು ಆ ಪ್ರಶ್ನೆಗೆ ತಾವೇ ತಿಳಿದು ಉತ್ತರ ಕೊಡಬಲ್ಲವರಾಗಲೆಂದೇ ನಾವು ಅವರಿಗೆ ಇಂದು ಪಾಠ ಹೇಳುತ್ತಿದ್ದೇವೆ.